ಹೆಣ್ಣುಕೆಲಸ, ಗಂಡುಕೆಲಸ: ಶಾಲಾಮಕ್ಕಳ ಮನಸ್ಸು, ತಂದೆತಾಯಿಗಳ ಮಾತು

ಮುಂಬಯಿಯ ಪಶ್ಚಿಮ ರೈಲುಮಾರ್ಗದಲ್ಲಿ ಉತ್ತರಾಭಿಮುಖವಾಗಿ ಪ್ರಯಾಣ ಮಾಡಿದರೆ ಮಹಾನಗರಪಾಲಿಕೆಯ ಎಲ್ಲೆಯೊಳಗೆ ದೊರೆಯುವ ಕೊನೆಯ ನಿಲ್ದಾಣ ದಹಿಸರ್. 1957ರಲ್ಲಿ ಬೃಹನ್ಮುಂಬಯಿಗೆ ಸೇರ್ಪಡೆಯಾದ ಈ ಉಪನಗರದಲ್ಲಿ ಮರಾಠಿ, ಗುಜರಾತಿ, ಹಿಂದಿ ಭಾಷಿಕರ ನಡುವೆ ಕನ್ನಡ ಹಾಗೂ ತುಳು ಮಾತನಾಡುವ ಕುಟುಂಬಗಳೂ ನೆಲೆಸಿವೆ. ಇವುಗಳಲ್ಲಿ ಅನೇಕವು ಉಡುಪಿ, ಕುಂದಾಪುರ, ಕಾರ್ಕಳ, ಮಂಗಳೂರುಗಳ ಕಡೆಯಿಂದ ಬಂದವು. ಹೋಟೆಲು ಉದ್ಯಮವನ್ನು ಒಂದಲ್ಲ ಒಂದು ರೀತಿಯಲ್ಲಿ ಆಶ್ರಯಿಸಿ ಬೆಳೆದವು. ಅಂತಹ ಒಂದು ಮನೆಯ ಮುಂಜಾನೆಯನ್ನು ಊಹಿಸಿಕೊಂಡು ನಮ್ಮ ವಿಷಯವನ್ನು ಪ್ರವೇಶಿಸೋಣ.

ಒಂದು ಮನೆಯ ಮುಂಜಾನೆ

ಒಂದು ಕೋಣೆ, ಒಂದು ಅಡುಗೆಮನೆ; ನಾಲ್ಕು ಜನರ ಸಂಸಾರ. ನಳದಲ್ಲಿ ನೀರು ಬರುವುದು ದಿನದ ಗೊತ್ತಾದ ಹೊತ್ತಿನಲ್ಲಿ ಮಾತ್ರ. ನೀರಿನ ಸದ್ದು ಕೇಳುತ್ತಲೇ ತಾಯಿಯೊಡನೆ ಏಳುವವಳು ಏಳನೆಯ ತರಗತಿಯಲ್ಲಿ ಓದುವ ಮಗಳು. ಕೊಡ, ಬಕೆಟ್ಟು, ಡ್ರಮ್ಮುಗಳನ್ನು ತುಂಬಿಸುವುದು, ಹಾಸಿಗೆ ಮಡಿಸುವುದು, ರಾತ್ರಿಯ ಪಾತ್ರೆಗಳನ್ನು ತಿಕ್ಕುವುದು, ಅಣ್ಣ ಎದ್ದ ಮೇಲೆ ಅವನಿಗೆ ಚಹಾ ಕೊಡುವುದು, ಇವೆಲ್ಲ ಮುಗಿದ ಮೇಲೆ ಅವಳು ಶಾಲೆಯ ಚೀಲವನ್ನು ಹೆಗಲಿಗೇರಿಸುತ್ತಾಳೆ. ಒಂಬತ್ತನೆಯ ತರಗತಿಯ ಅಣ್ಣ ಅಷ್ಟು ಹೊತ್ತಿಗೆ ಎದ್ದು, ತನ್ನ ಸಮವಸ್ತ್ರಕ್ಕೆ ಇಸ್ತ್ರಿಯಾಗಿದೆಯೇ ಎಂದು ವಿಚಾರಿಸುತ್ತಾನೆ. ಅವನು ಸೋಮಾರಿಯಲ್ಲ. ಹಾಲು ತಾ ಎಂದರೆ ತರುತ್ತಾನೆ. ಅಕ್ಕಿಯ ಚೀಲವನ್ನು ಮೂರು ಮಹಡಿ ಹೊತ್ತು ಏರುತ್ತಾನೆ. ಪಾತ್ರೆ ತಿಕ್ಕು ಎಂದು ಮಾತ್ರ ಅವನಿಗೆ ಯಾರೂ ಹೇಳಿಲ್ಲ. ಹೇಳಿದ್ದರೆ ತಿಕ್ಕುತ್ತಿದ್ದನೋ ಏನೋ. ಹೇಳಬೇಕೆಂದು ತಾಯಿಗೂ ತೋಚಿಲ್ಲ, ತಂದೆಗೂ ತೋಚಿಲ್ಲ, ತಂಗಿಗೂ ತೋಚಿಲ್ಲ.

ಈ ತೋಚದಿರುವಿಕೆಯೇ ಪ್ರಸ್ತುತ ಪಾಠದ ವಿಷಯ. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಬಾರದೆಂದು ವಾದಿಸುವವರು ಈಗ ವಿರಳ. ಮೇಲೆ ಹೇಳಿದ ಮನೆಯಲ್ಲಿ ಮಗಳ ಶುಲ್ಕವನ್ನೂ ಮಗನ ಶುಲ್ಕವನ್ನೂ ತಂದೆ ಒಂದೇ ದಿನ ಕಟ್ಟುತ್ತಾನೆ. ಇಬ್ಬರಿಗೂ ಒಂದೇ ಬಗೆಯ ಪುಸ್ತಕ, ಒಂದೇ ಬಗೆಯ ಊಟ. ತಾರತಮ್ಯವಿದೆ ಎಂದರೆ ಆ ತಂದೆ ಪ್ರಾಮಾಣಿಕವಾಗಿಯೇ ಆಶ್ಚರ್ಯಪಡುತ್ತಾನೆ. ಆದರೆ ವರ್ಷದ ಮುನ್ನೂರು ಮುಂಜಾನೆಗಳಲ್ಲಿ ಒಬ್ಬ ಮಗುವಿನ ಒಂದೂವರೆ ಗಂಟೆ ನೀರಿಗೂ ಪಾತ್ರೆಗೂ ಹೋಗಿ, ಇನ್ನೊಬ್ಬನ ಒಂದೂವರೆ ಗಂಟೆ ನಿದ್ರೆಗೋ ಓದಿಗೋ ಉಳಿದರೆ, ಹತ್ತನೆಯ ತರಗತಿಯ ಪರೀಕ್ಷೆ ಬರುವ ವೇಳೆಗೆ ಈ ಅಂತರ ಎಷ್ಟಾದೀತೆಂಬುದನ್ನು ಓದುಗರೇ ಲೆಕ್ಕ ಹಾಕಬಹುದು.

ಹೋಟೆಲಿನ ಅಡುಗೆಮನೆಯಲ್ಲಿ

ಈ ಮನೆಯ ತಂದೆ ಒಂದು ಹೋಟೆಲಿನಲ್ಲಿ ಅಡುಗೆಯವರೆಂದಿಟ್ಟುಕೊಳ್ಳೋಣ. ಅವರು ದಿನವೂ ನೂರಾರು ಜನರಿಗೆ ಇಡ್ಲಿ ಬೇಯಿಸುತ್ತಾರೆ, ಸಾಂಬಾರಿನ ಹದ ನೋಡುತ್ತಾರೆ, ತರಕಾರಿ ಹೆಚ್ಚುತ್ತಾರೆ, ಒಲೆಯ ಸುತ್ತ ಒರೆಸಿ ಶುಚಿಯಾಗಿಡುತ್ತಾರೆ. ಮನೆಗೆ ಬಂದ ಮೇಲೆ ಒಂದು ಲೋಟ ಚಹಾವನ್ನೂ ತಾವಾಗಿ ಕಾಸಿಕೊಳ್ಳುವುದಿಲ್ಲ. ದಣಿವು ಒಂದು ಕಾರಣವಿರಬಹುದು. ಆದರೆ ವಾರದ ರಜೆಯ ದಿನವೂ ಅವರು ಒಲೆಯ ಬಳಿ ಸುಳಿಯುವುದಿಲ್ಲವೆಂದಾದರೆ ದಣಿವನ್ನು ಮೀರಿದ ಕಾರಣವೊಂದು ಇರಲೇಬೇಕು.

ಮುಂಬಯಿಯ ಕನ್ನಡಿಗರಿಗೆ ಈ ವಿಚಾರ ಹೊರಗಿನದಲ್ಲ. ಇಪ್ಪತ್ತನೆಯ ಶತಮಾನದುದ್ದಕ್ಕೂ ಕರಾವಳಿಯ ಹಳ್ಳಿಗಳಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಈ ನಗರಕ್ಕೆ ಬಂದರು. ಅವರಿಗೆ ಸಿಕ್ಕ ಮೊದಲ ಕೆಲಸ ಸಾಮಾನ್ಯವಾಗಿ ಮೋರಿಯದು, ಅಂದರೆ ಹೋಟೆಲಿನ ಹಿಂಬದಿಯಲ್ಲಿ ಕುಳಿತು ಲೋಟ, ಬಟ್ಟಲು, ತಟ್ಟೆಗಳನ್ನು ತೊಳೆಯುವುದು. ಬಳಿಕ ಮೇಜು ಒರೆಸುವುದು, ಆ ಬಳಿಕ ಬಡಿಸುವುದು, ಅದೃಷ್ಟವಿದ್ದರೆ ಗಲ್ಲಾ. ಮಾಟುಂಗದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ ಎ. ರಾಮ ನಾಯಕರೂ ಚಿಕ್ಕ ವಯಸ್ಸಿನಲ್ಲಿ ಊರು ಬಿಟ್ಟು ಬಂದು ಅಡುಗೆಮನೆಯ ಕೆಲಸದಿಂದಲೇ ಮೇಲೆ ಬಂದವರು. ಹಗಲು ಪಾತ್ರೆ ತೊಳೆದ ಹುಡುಗರು ರಾತ್ರಿ ಕನ್ನಡ ರಾತ್ರಿಶಾಲೆಗಳಿಗೆ ಹೋದರು. ಮೊಗವೀರ, ಬಿಲ್ಲವ, ಬಂಟ ಮೊದಲಾದ ಸಮಾಜಗಳ ಸಂಘಸಂಸ್ಥೆಗಳು ಈ ಶಾಲೆಗಳನ್ನು ನಡೆಸಿದವು. ಅಲ್ಲಿ ಓದಿ ಗುಮಾಸ್ತರಾದವರು, ವಕೀಲರಾದವರು, ಉದ್ಯಮಿಗಳಾದವರು ಅನೇಕರು. (ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದನ್ನು ಕಾನೂನು ಇಂದು ನಿಷೇಧಿಸಿದೆ. ಆ ಕಾಲವನ್ನು ಕೊಂಡಾಡುವುದು ನಮ್ಮ ಉದ್ದೇಶವಲ್ಲ.)

ಇಲ್ಲಿ ಗಮನಿಸಬೇಕಾದ ಸಂಗತಿ ಇಷ್ಟೇ: ಗುಡಿಸುವುದು, ಒರೆಸುವುದು, ತೊಳೆಯುವುದು, ಅರೆಯುವುದು, ಬೇಯಿಸುವುದು, ಬಡಿಸುವುದು, ಈ ಎಲ್ಲ ಕೆಲಸಗಳನ್ನೂ ಒಂದು ಸಮುದಾಯದ ಗಂಡುಮಕ್ಕಳು ತಲೆಮಾರುಗಟ್ಟಲೆ ಮಾಡಿದರು. ಅವು ಹೆಣ್ಣುಕೆಲಸವೆಂದು ಯಾರೂ ಹೀಗಳೆಯಲಿಲ್ಲ. ಅವರ ಕೈಗಳು ಅವಕ್ಕೆ ಒಗ್ಗಲಿಲ್ಲವೆಂದೂ ಯಾರೂ ಹೇಳಲಿಲ್ಲ. ಹಾಗಾದರೆ ಅದೇ ಲೋಟ, ಅದೇ ನೀರು, ಅದೇ ಬೂದಿ ಅಥವಾ ಸಾಬೂನು ಮನೆಯ ಹೊಸ್ತಿಲೊಳಗೆ ಬಂದೊಡನೆ ಹೆಣ್ಣುಕೆಲಸವಾಗುವುದು ಹೇಗೆ? ಹೊರಗೆ ಆ ಕೆಲಸಕ್ಕೆ ಸಂಬಳವಿತ್ತು; ಮೋರಿಯಿಂದ ಗಲ್ಲಾದವರೆಗೆ ಏರುವ ಮೆಟ್ಟಿಲಿತ್ತು. ಮನೆಯೊಳಗೆ ತೊಳೆದ ಪಾತ್ರೆಯಿಂದ ಸಿಗುವುದು ನಾಳೆ ತೊಳೆಯಬೇಕಾದ ಪಾತ್ರೆ ಮಾತ್ರ. ಕೆಲಸಕ್ಕೆ ಲಿಂಗವಿಲ್ಲ. ಕೂಲಿಯಿಲ್ಲದ ಕೆಲಸವನ್ನು ಯಾರ ಪಾಲಿಗೆ ಹಾಕಬೇಕೆಂಬ ತೀರ್ಮಾನವನ್ನು ಸಮಾಜ ಎಂದೋ ಮಾಡಿ, ಅದಕ್ಕೆ ಪ್ರಕೃತಿಯೆಂಬ ಹೆಸರಿಟ್ಟಿದೆ.

ಈ ಹಂಚಿಕೆಯ ಪ್ರಮಾಣವನ್ನು ಅಂಕಿಸಂಖ್ಯೆಗಳಲ್ಲಿಯೂ ಕಾಣಬಹುದು. ರಾಷ್ಟ್ರೀಯ ಸಾಂಖ್ಯಿಕ ಕಛೇರಿಯು 2019ರಲ್ಲಿ ದೇಶಾದ್ಯಂತ ನಡೆಸಿದ ಕಾಲವಿನಿಯೋಗ ಸಮೀಕ್ಷೆಯ ಪ್ರಕಾರ, ಆರು ವರ್ಷ ಮೀರಿದವರ ಪೈಕಿ ದಿನವೊಂದರಲ್ಲಿ ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಶೇಕಡ 81.2, ಪುರುಷರು ಶೇಕಡ 26.1. ಹೀಗೆ ತೊಡಗಿದವರಲ್ಲಿಯೂ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಪುರುಷರು 97 ನಿಮಿಷಗಳನ್ನೂ ಅದಕ್ಕಾಗಿ ವ್ಯಯಿಸಿದರು. 2024ರ ಸಮೀಕ್ಷೆಯಲ್ಲಿ ಈ ಅಂಕಿಗಳು ಕ್ರಮವಾಗಿ 289 ಮತ್ತು 88. ಮಹಿಳೆಯರ ಹೊರೆ ಹತ್ತು ನಿಮಿಷ ಇಳಿಯಿತು ನಿಜ. ಪುರುಷರ ಪಾಲು ಏರುವ ಬದಲು ಅದೂ ಇಳಿಯಿತು.

ಪಡಿಯಚ್ಚು ಎಂದರೇನು?

ಒಂದೇ ಅಚ್ಚಿನಿಂದ ತೆಗೆದ ಬೆಲ್ಲದುಂಡೆಗಳು ಒಂದೇ ಆಕಾರದಲ್ಲಿರುತ್ತವೆ. ಹಾಗೆಯೇ ವ್ಯಕ್ತಿಯ ಸ್ವಂತ ಗುಣ, ಶಕ್ತಿ, ಅಭಿರುಚಿಗಳನ್ನು ನೋಡದೆ, ಆತ ಅಥವಾ ಆಕೆ ಸೇರಿದ ವರ್ಗಕ್ಕೆ ಮೊದಲೇ ಸಿದ್ಧಪಡಿಸಿಟ್ಟ ಆಕಾರವನ್ನು ಆರೋಪಿಸುವುದಕ್ಕೆ ಪಡಿಯಚ್ಚು ಎನ್ನುತ್ತೇವೆ. ಹುಡುಗಿಯರು ಸೂಕ್ಷ್ಮ, ಹುಡುಗರು ಗಟ್ಟಿ. ಹುಡುಗಿಯರಿಗೆ ಭಾಷೆ, ಹುಡುಗರಿಗೆ ಗಣಿತ. ಹುಡುಗಿಗೆ ತಾಳ್ಮೆ, ಹುಡುಗನಿಗೆ ಧೈರ್ಯ, ಇವು ಅಂತಹ ಪಡಿಯಚ್ಚುಗಳು. ಇವು ಯಾವಾಗಲೂ ಬೈಗುಳದ ರೂಪದಲ್ಲಿ ಬರುವುದಿಲ್ಲ. ‘ಹುಡುಗಿಯಾದರೂ ಎಷ್ಟು ಧೈರ್ಯ!’ ಎಂಬ ಹೊಗಳಿಕೆಯಲ್ಲಿ ‘ಆದರೂ’ ಎಂಬ ಮೂರಕ್ಷರವೇ ಪಡಿಯಚ್ಚು.

ಭಾಷೆ ಈ ಅಚ್ಚುಗಳ ಉಗ್ರಾಣ. ಮರ ಹತ್ತುವ ಹುಡುಗಿ ಗಂಡುಬೀರಿ. ಕಣ್ಣೀರು ಹಾಕುವ ಹುಡುಗ ಹೆಣ್ಣಿಗ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ಮಗಳ ಓದಿಗೆ ಹಾಕುವ ಹಣ ಪರರ ಹೊಲಕ್ಕೆ ಹಾಯಿಸುವ ನೀರೆಂದು ಸೂಚಿಸುತ್ತದೆ. ನ್ಯಾಯಾಲಯಗಳ ಭಾಷೆಯೂ ಇದರಿಂದ ಮುಕ್ತವಲ್ಲವೆಂದು ಮನಗಂಡ ಸರ್ವೋಚ್ಚ ನ್ಯಾಯಾಲಯವು 2023ರ ಆಗಸ್ಟ್ ತಿಂಗಳಲ್ಲಿ ಲಿಂಗಸಂಬಂಧಿ ಪಡಿಯಚ್ಚುಗಳನ್ನು ಗುರುತಿಸಿ ತೊರೆಯುವುದಕ್ಕಾಗಿ ನ್ಯಾಯಾಧೀಶರಿಗೂ ವಕೀಲರಿಗೂ ಒಂದು ಕೈಪಿಡಿಯನ್ನೇ ಹೊರಡಿಸಿತು.

‘ಇದು ಪ್ರಕೃತಿನಿಯಮ, ಬದಲಾಗದು’ ಎನ್ನುವವರಿಗೆ ಕರಾವಳಿಯವರು ದೂರದ ಉದಾಹರಣೆ ಹುಡುಕಬೇಕಾಗಿಲ್ಲ. ಅಲ್ಲಿನ ಹಲವು ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿ ಇತ್ತು. ಕುಟುಂಬದ ‘ಬಳಿ’ ತಾಯಿಯಿಂದ ಬರುತ್ತಿತ್ತು. ಆಸ್ತಿಯ ಹಕ್ಕು ಹೆಣ್ಣಿನ ಮೂಲಕ ಮುಂದುವರಿಯುತ್ತಿತ್ತು. 1949ರ ಮದರಾಸು ಅಳಿಯಸಂತಾನ ಕಾಯಿದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳ ನಂತರ ಅದರ ಸ್ವರೂಪ ಬದಲಾಯಿತಾದರೂ, ಇಂದಿಗೂ ಬಳಿಯನ್ನು ತಾಯಿಯ ಕಡೆಯಿಂದಲೇ ಹೇಳಿಕೊಳ್ಳುವವರಿದ್ದಾರೆ. ದಹಿಸರದ ಒಂದೇ ಕಟ್ಟಡದಲ್ಲಿ ವಾಸಿಸುವ ಎರಡು ಕುಟುಂಬಗಳಿಗೆ, ವಂಶ ಯಾರಿಂದ ಮುಂದುವರಿಯುತ್ತದೆಂಬ ಪ್ರಶ್ನೆಗೆ ಎರಡು ಬೇರೆ ಉತ್ತರಗಳು ‘ಸಹಜ’ವಾಗಿ ಕಾಣಬಹುದು. ಹಾಗೆಂದು ಅಳಿಯಸಂತಾನದ ಮನೆಗಳಲ್ಲಿ ಗಂಡಸರು ಪಾತ್ರೆ ತೊಳೆಯುತ್ತಿದ್ದರೆಂದು ಭಾವಿಸಬೇಕಾಗಿಲ್ಲ. ಆಸ್ತಿಯ ಬಾಗಿಲು ಹೆಣ್ಣಿನ ಕಡೆಗಿದ್ದರೂ ಅಡುಗೆಮನೆಯ ಬಾಗಿಲು ಅಲ್ಲಿಯೇ ಇತ್ತು.

ಯಕ್ಷಗಾನದ ಸ್ತ್ರೀವೇಷವನ್ನೂ ಇಲ್ಲಿ ನೆನೆಯಬಹುದು. ಕೋಳ್ಯೂರು ರಾಮಚಂದ್ರ ರಾವ್ ಅವರಂತಹ ಕಲಾವಿದರು ರಂಗದ ಮೇಲೆ ತೋರಿದ ನಡೆ, ನೋಟ, ಲಜ್ಜೆ, ಮಾತಿನ ಒನಪುಗಳನ್ನು ನೋಡಿದ ಪ್ರೇಕ್ಷಕರು ವೇಷದ ಒಳಗೆ ಗಂಡಸಿರುವುದನ್ನು ಮರೆಯುತ್ತಿದ್ದರು. ಆ ಕಲಾವಿದರು ಅದನ್ನು ವರ್ಷಗಟ್ಟಲೆ ಅಭ್ಯಾಸಮಾಡಿ ಕಲಿತರು. ನಾವು ‘ಹೆಣ್ಣುತನ’ವೆಂದು ಕರೆಯುವುದರಲ್ಲಿ ಎಷ್ಟೋ ಅಂಶ ಕಲಿಯಬಹುದಾದದ್ದು ಎಂಬುದಕ್ಕೆ ಇದಕ್ಕಿಂತ ಸುಂದರ ಸಾಕ್ಷ್ಯ ಬೇಕಿಲ್ಲ. ರಂಗಸ್ಥಳದಲ್ಲಿ ಗಂಡಸು ಇಚ್ಛೆಯಿಂದ ಕಲಿತದ್ದನ್ನು ಮನೆಯಲ್ಲಿ ಹುಡುಗಿಗೆ ಕೇಳದೆಯೇ ಕಲಿಸಲಾಗುತ್ತದೆ.

ಕಲಿಕೆ ಆರಂಭವಾಗುವುದು ಎಷ್ಟನೆಯ ವಯಸ್ಸಿನಲ್ಲಿ? ಅಮೆರಿಕದಲ್ಲಿ ಐದರಿಂದ ಏಳು ವರ್ಷದ ಮಕ್ಕಳನ್ನು ಕುರಿತು ನಡೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಐದನೆಯ ವಯಸ್ಸಿನ ಹುಡುಗಿಯರು ತಮ್ಮವರನ್ನೂ ಹುಡುಗರಷ್ಟೇ ‘ತುಂಬ ತುಂಬ ಬುದ್ಧಿವಂತ’ರೆಂದು ಭಾವಿಸುತ್ತಿದ್ದರು. ಆರನೆಯ ವಯಸ್ಸಿಗೆ ಆ ವಿಶ್ವಾಸ ಕುಗ್ಗಿತ್ತು. ಬುದ್ಧಿವಂತರಿಗಾಗಿಯೇ ಎಂದು ಹೇಳಿದ ಆಟದಿಂದ ಅವರು ಹಿಂದೆ ಸರಿಯತೊಡಗಿದ್ದರು. ಸ್ವಾರಸ್ಯವೆಂದರೆ ಶಾಲೆಯಲ್ಲಿ ಹೆಚ್ಚು ಅಂಕ ತೆಗೆಯುವವರು ಯಾರೆಂದು ಕೇಳಿದಾಗ ಅದೇ ಹುಡುಗಿಯರು ಹುಡುಗಿಯರನ್ನೇ ಸೂಚಿಸುತ್ತಿದ್ದರು. ನಮ್ಮಲ್ಲಿಯೂ ಮಗಳ ಅಂಕಗಳನ್ನು ಕಂಡು ‘ಪಾಪ, ಕಷ್ಟಪಟ್ಟು ಓದುತ್ತಾಳೆ’ ಎಂದೂ, ಮಗನ ಕಡಿಮೆ ಅಂಕಗಳನ್ನು ಕಂಡು ‘ಬುದ್ಧಿ ಇದೆ, ಓದುವುದಿಲ್ಲ ಅಷ್ಟೆ’ ಎಂದೂ ಹೇಳುವ ತಂದೆತಾಯಿಗಳ ಮಾತು ಯಾರಿಗೆ ಪರಿಚಿತವಲ್ಲ? ವಿಜ್ಞಾನಿಯ ಚಿತ್ರ ಬರೆಯಿರೆಂದು 4,807 ಮಕ್ಕಳಿಗೆ ಹೇಳಿದ ಪ್ರಯೋಗವೊಂದರ ಫಲಿತಾಂಶ 1983ರಲ್ಲಿ ಪ್ರಕಟವಾಯಿತು. ಬಹುಪಾಲು ಕೆನಡಾ ದೇಶದಲ್ಲಿ ನಡೆದ ಆ ಪ್ರಯೋಗದಲ್ಲಿ ಮಹಿಳಾ ವಿಜ್ಞಾನಿಯನ್ನು ಬರೆದವರು ಕೇವಲ 28 ಮಕ್ಕಳು, ಅವರೆಲ್ಲರೂ ಹುಡುಗಿಯರು. ನಂತರದ ದಶಕಗಳ ಪ್ರಯೋಗಗಳಲ್ಲಿ ಮಹಿಳೆಯ ಚಿತ್ರಗಳ ಪ್ರಮಾಣ ಅಮೆರಿಕದಲ್ಲಿ ನಾಲ್ಕರಲ್ಲೊಂದಕ್ಕಿಂತ ಹೆಚ್ಚಾಗಿದೆ. ಮಕ್ಕಳ ಕಣ್ಣಿಗೆ ಬೀಳುವ ಲೋಕ ಬದಲಾದಂತೆ ಅವರ ಚಿತ್ರವೂ ಬದಲಾಯಿತು.

ಶಾಲೆ ಹೇಳದೆ ಕಲಿಸುವ ಪಾಠ

ಪಠ್ಯಕ್ರಮದಲ್ಲಿ ಇಲ್ಲದ ಪಾಠಗಳನ್ನೂ ಶಾಲೆ ಕಲಿಸುತ್ತದೆ. ಅನೇಕ ಶಾಲೆಗಳ ಹಾಜರಿ ಪುಸ್ತಕದಲ್ಲಿ ಮೊದಲು ಹುಡುಗರ ಹೆಸರು, ಆ ಮೇಲೆ ಹುಡುಗಿಯರದು. ಅತಿಥಿಗಳು ಬಂದರೆ ಆರತಿ ತಟ್ಟೆ ಹಿಡಿಯಲು ಹುಡುಗಿಯರು, ಕುರ್ಚಿ ಹೊರಲು ಹುಡುಗರು. ತರಗತಿ ಗುಡಿಸಬೇಕಾದಾಗ ಶಿಕ್ಷಕರ ಕಣ್ಣು ಒಂದು ಸಾಲಿನ ಕಡೆ, ವಿಜ್ಞಾನದ ಉಪಕರಣ ಜೋಡಿಸಬೇಕಾದಾಗ ಇನ್ನೊಂದು ಸಾಲಿನ ಕಡೆ ತಾನಾಗಿ ಹೊರಳುತ್ತದೆ. ಇದರಲ್ಲಿ ದುರುದ್ದೇಶ ಹುಡುಕಬೇಕಾಗಿಲ್ಲ. ಶಿಕ್ಷಕರೂ ಅದೇ ಅಚ್ಚಿನಲ್ಲಿ ಬೆಳೆದವರು.

ಪಠ್ಯಪುಸ್ತಕಗಳ ವಿಷಯದಲ್ಲಿ ಮಾತ್ರ ಸ್ಪಷ್ಟವಾದ ಬದಲಾವಣೆ ಕಾಣುತ್ತಿದೆ. ತಂದೆ ವೃತ್ತಪತ್ರಿಕೆ ಓದುವ, ತಾಯಿ ಅಡುಗೆ ಮಾಡುವ ಚಿತ್ರವನ್ನು ನೋಡದೆ ಪ್ರಾಥಮಿಕ ಶಾಲೆ ಮುಗಿಸಿದವರು ನಮ್ಮ ತಲೆಮಾರಿನಲ್ಲಿ ಇರಲಾರರು. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯಾದ ಬಾಲಭಾರತಿಯು 1967ರಲ್ಲಿ ಸ್ಥಾಪನೆಯಾದುದು. ಮುಂಬಯಿಯ ಕನ್ನಡ ಮಾಧ್ಯಮದ ಮಕ್ಕಳಿಗೂ ಪುಸ್ತಕ ಸಿದ್ಧಪಡಿಸುವ ಸಂಸ್ಥೆ ಅದು. 2019ರಲ್ಲಿ ಅದು ಹೊರತಂದ ಎರಡನೆಯ ತರಗತಿಯ ಪುಸ್ತಕದಲ್ಲಿ ಗಂಡಹೆಂಡಿರಿಬ್ಬರೂ ಕೂಡಿ ಕುಳಿತು ತರಕಾರಿ ಸೋಸುವ ಚಿತ್ರವಿದ್ದುದು ಆಗ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಕೇರಳದ ಮೂರನೆಯ ತರಗತಿಯ ಪುಸ್ತಕದಲ್ಲಿ 2024ರಲ್ಲಿ ತಂದೆ ತೆಂಗಿನಕಾಯಿ ತುರಿಯುವ ಚಿತ್ರ ಬಂದಿತು. ಒಂದು ಕಾಯಿ ತುರಿದದ್ದು ಸುದ್ದಿಯಾಗಬೇಕಾದರೆ ಅದು ಎಷ್ಟು ಅಪರೂಪದ ದೃಶ್ಯವಾಗಿತ್ತೆಂದು ಊಹಿಸಬಹುದು. ಆದರೆ ಪುಸ್ತಕದ ತಂದೆ ಕಾಯಿ ತುರಿದು, ಮನೆಯ ತಂದೆ ತುರಿಯದಿದ್ದರೆ ಮಗು ಯಾರನ್ನು ನಂಬೀತು?

ತಾಯಿಯ ಮಾತಿನ ತೂಕ

ಈ ಪ್ರಶ್ನೆಗೆ ಉತ್ತರ ಕೊಡುವ ಒಂದು ಅಧ್ಯಯನ ನಮ್ಮ ದೇಶದಲ್ಲಿಯೇ ನಡೆದಿದೆ. ಹರಿಯಾಣದ 314 ಸರ್ಕಾರಿ ಶಾಲೆಗಳ ಸುಮಾರು 5,500 ಹದಿಹರೆಯದ ಮಕ್ಕಳನ್ನೂ ಅವರ ತಂದೆತಾಯಿಗಳನ್ನೂ, ಸ್ತ್ರೀಯರ ಪಾತ್ರ ಹಾಗೂ ಹಕ್ಕುಗಳ ಬಗ್ಗೆ ಅವರ ಅಭಿಪ್ರಾಯವೇನೆಂದು ಅರ್ಥಶಾಸ್ತ್ರಜ್ಞರಾದ ದಿವಾ ಧರ್, ತರುಣ್ ಜೈನ್ ಮತ್ತು ಸೀಮಾ ಜಯಚಂದ್ರನ್ ಅವರ ತಂಡ ವಿಚಾರಿಸಿತು. ತಾರತಮ್ಯದ ಅಭಿಪ್ರಾಯವುಳ್ಳ ತಂದೆ ಅಥವಾ ತಾಯಿಯ ಮಗು ಅದೇ ಅಭಿಪ್ರಾಯ ತಳೆಯುವ ಸಂಭವ ಶೇಕಡಾವಾರು ಲೆಕ್ಕದಲ್ಲಿ ಸುಮಾರು 11 ಅಂಶ ಹೆಚ್ಚೆಂದು ಕಂಡುಬಂತು. ಸಹಪಾಠಿಗಳಿಗಿಂತ ತಂದೆತಾಯಿಗಳ ಪ್ರಭಾವ ಅಧಿಕ; ಅವರಿಬ್ಬರಲ್ಲಿ ತಾಯಿಯ ಪ್ರಭಾವ ಇನ್ನೂ ಅಧಿಕ. ಹರಿಯಾಣದ ಹಳ್ಳಿಯೂ ದಹಿಸರದ ವಠಾರವೂ ಒಂದೇ ಅಲ್ಲ. ಅಂಕಿಗಳನ್ನು ಹಾಗೆಯೇ ಎತ್ತಿ ಇಲ್ಲಿ ಇಡಲಾಗದು. ಆದರೆ ಮಗು ಮನೆಯಲ್ಲಿ ಯಾರ ಮಾತನ್ನು ಹೆಚ್ಚು ಕೇಳಿಸಿಕೊಳ್ಳುತ್ತದೆಂಬುದರಲ್ಲಿ ದೊಡ್ಡ ವ್ಯತ್ಯಾಸವಿರಲಾರದು.

ಇದನ್ನು ಓದಿ ದೋಷವನ್ನೆಲ್ಲ ತಾಯಿಯ ತಲೆಗೆ ಕಟ್ಟುವುದು ಮಹಾ ಅನ್ಯಾಯವಾದೀತು. ‘ನಾಳೆ ಗಂಡನ ಮನೆಗೆ ಹೋಗಬೇಕಾದವಳು, ಕೆಲಸ ಕಲಿತುಕೋ’ ಎಂದು ತಾಯಿ ಹೇಳುವಾಗ ಆಕೆ ಮಗಳನ್ನು ಕೀಳೆಂದು ಬಗೆದಿರುವುದಿಲ್ಲ. ಅಡುಗೆ ಬಾರದ ಸೊಸೆ ಕೇಳಬೇಕಾಗುವ ಮಾತುಗಳನ್ನು ತಾನು ಕೇಳಿದವಳು ಆಕೆ. ಮಗಳಿಗೆ ಆ ನೋವು ತಪ್ಪಲೆಂಬ ವಾತ್ಸಲ್ಯವೇ ಅಚ್ಚನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಹಾಗೆಯೇ ಬೊರಿವಲಿಯ ಟ್ಯೂಷನ್ ತರಗತಿ ರಾತ್ರಿ ಎಂಟಕ್ಕೆ ಬಿಡುತ್ತದೆಂದು ಮಗಳನ್ನು ಸೇರಿಸದೆ ಮಗನನ್ನು ಸೇರಿಸುವ ತಾಯಿಯ ಭಯವೂ ಸುಳ್ಳಲ್ಲ. ನಿಲ್ದಾಣದಿಂದ ಮನೆಯವರೆಗಿನ ಕತ್ತಲ ದಾರಿ ಕಾಲ್ಪನಿಕವಲ್ಲ. ಆದರೆ ದಾರಿ ಅಸುರಕ್ಷಿತವಾಗಿದ್ದರೆ ಅದಕ್ಕೆ ದೀಪ ಬೇಕು, ಬಸ್ಸು ಬೇಕು, ಪಹರೆ ಬೇಕು. ಇವನ್ನು ಬೇಡಬೇಕಾದ ಜಾಗದಲ್ಲಿ ನಾವು ಮಗಳ ಗಣಿತವನ್ನೇ ಬಿಟ್ಟುಕೊಡುತ್ತೇವೆ.

ಪಶ್ಚಿಮ ರೈಲ್ವೆಯ ಇತಿಹಾಸ ಈ ಮಾತಿಗೆ ಪೂರಕವಾಗಿದೆ. ಉದ್ಯೋಗಸ್ಥ ಮಹಿಳೆಯರ ಸಂಖ್ಯೆ ಹೆಚ್ಚಿದಾಗ, ಗಾಡಿಗಳಲ್ಲಿ ನೂಕುನುಗ್ಗಲಿದೆ, ಆದ್ದರಿಂದ ಅವರು ಮನೆಯಲ್ಲಿರಲಿ ಎಂದು ಯಾರೂ ನಿರ್ಧರಿಸಲಿಲ್ಲ. 1992ರ ಮೇ 5ರಂದು ಚರ್ಚ್‌ಗೇಟ್ ಮತ್ತು ಬೊರಿವಲಿಗಳ ನಡುವೆ ಮಹಿಳೆಯರಿಗಾಗಿಯೇ ವಿಶೇಷ ಲೋಕಲ್ ಗಾಡಿ ಆರಂಭವಾಯಿತು. ಅದೇ ನಗರದ ಮಧ್ಯ ರೈಲ್ವೆಯಲ್ಲಿ ಸಾತಾರಾ ಜಿಲ್ಲೆಯ ಸುರೇಖಾ ಯಾದವ್ ಅವರು 1989ರಲ್ಲಿ ಸಹಾಯಕ ಚಾಲಕಿಯಾಗಿ ಸೇರಿ, ದೇಶದ ಮೊದಲ ಮಹಿಳಾ ರೈಲುಚಾಲಕಿಯೆಂದು ಹೆಸರಾಗಿ, 2025ರಲ್ಲಿ ನಿವೃತ್ತರಾದರು.

ಉನ್ನತ ಶಿಕ್ಷಣದ ಅಂಕಿಗಳಲ್ಲಿಯೂ ಅಚ್ಚಿನ ಗುರುತು ಉಳಿದಿದೆ. 2020–21ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ವಿಜ್ಞಾನ ವಿಭಾಗದಲ್ಲಿ ವಿದ್ಯಾರ್ಥಿನಿಯರು ಅರ್ಧಕ್ಕಿಂತ ಹೆಚ್ಚು. ಎಂಜಿನಿಯರಿಂಗ್ ಪದವಿ ತರಗತಿಗಳಲ್ಲಿ ಸುಮಾರು ಶೇಕಡ 29. ಭೌತಶಾಸ್ತ್ರ, ಗಣಿತಗಳನ್ನು ಕಲಿಯಬಲ್ಲವಳಿಗೆ ಯಂತ್ರ ಒಗ್ಗದೆಂಬುದು ಬುದ್ಧಿಯ ಮಾತಾಗಿರಲಾರದು. ಶುಲ್ಕ, ವಸತಿ, ದೂರ ಮತ್ತು ‘ಹುಡುಗಿಗೇಕೆ?’ ಎಂಬ ಪ್ರಶ್ನೆ, ಇವೆಲ್ಲ ಅಲ್ಲಿ ಬೆರೆತಿವೆ.

ಗಂಡುಮಕ್ಕಳ ನಷ್ಟ

ಪಡಿಯಚ್ಚಿನಿಂದ ಹುಡುಗರಿಗೆ ಲಾಭವೇ ಎಂದು ತಿಳಿಯುವುದು ತಪ್ಪು. ‘ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು’ ಎಂಬ ಗಾದೆ ಒಂದೇ ಉಸಿರಿನಲ್ಲಿ ಒಬ್ಬರ ನಗುವನ್ನೂ ಇನ್ನೊಬ್ಬರ ಅಳುವನ್ನೂ ಕಸಿದುಕೊಳ್ಳುತ್ತದೆ. ಆಟದ ಮೈದಾನದಲ್ಲಿ ಪೆಟ್ಟುತಿಂದು ಬಂದ ಹುಡುಗ ಅತ್ತರೆ ‘ಹುಡುಗಿಯಂತೆ ಅಳುತ್ತೀಯಾ’ ಎಂಬ ಮಾತು ಅವನಿಗೆ ಎರಡು ಸಂಗತಿಗಳನ್ನು ಕಲಿಸುತ್ತದೆ: ನೋವನ್ನು ಹೇಳಿಕೊಳ್ಳಬಾರದು, ಹುಡುಗಿಯಾಗಿರುವುದು ಅವಮಾನಕರ. ಎರಡನೆಯದನ್ನು ಅವನು ಮರುದಿನವೇ ತರಗತಿಯಲ್ಲಿ ಪ್ರಯೋಗಿಸುತ್ತಾನೆ. ತಂದೆಯ ದುಡಿಮೆ ನಿಂತ ಮನೆಯಲ್ಲಿ ಹತ್ತನೆಯ ತರಗತಿಗೇ ಓದು ಬಿಟ್ಟು ಕೆಲಸಕ್ಕೆ ಸೇರುವವನು ಮಗನೇ. ಮನೆ ನಡೆಸುವುದು ಗಂಡಿನ ಹೊಣೆಯೆಂಬ ಅಚ್ಚು ಅವನ ಕೈಯಿಂದ ಪುಸ್ತಕವನ್ನು ಕಿತ್ತುಕೊಳ್ಳುತ್ತದೆ. ಅಡುಗೆ ಕಲಿಯದ ಹುಡುಗ ಉದ್ಯೋಗಕ್ಕಾಗಿ ಪರವೂರಿಗೆ ಹೋದಾಗ ಪಡುವ ಪಾಡನ್ನು ಇಲ್ಲಿ ವಿವರಿಸಬೇಕಾಗಿಲ್ಲ, ಹೋಟೆಲಿನವರು ಬಲ್ಲರು.

ತರಗತಿಯಲ್ಲಿ ನಡೆದ ಪ್ರಯತ್ನಗಳು

ಮಕ್ಕಳೊಡನೆ ಈ ವಿಚಾರವನ್ನು ಮಾತನಾಡಲು ಸಾಧ್ಯವೇ? 1990ರ ದಶಕದ ಆರಂಭದಲ್ಲಿ ಯುನಿಸೆಫ್ ಸಂಸ್ಥೆ ದಕ್ಷಿಣ ಏಷ್ಯಾದ ಮಕ್ಕಳಿಗಾಗಿ ರೂಪಿಸಿದ ಮೀನಾ ಎಂಬ ಚಿತ್ರಪಾತ್ರ ಇದಕ್ಕೊಂದು ದಾರಿ ತೋರಿತು. ಮುಂಬಯಿಯ ಹೆಸರಾಂತ ವ್ಯಂಗ್ಯಚಿತ್ರಚಲನ ಕಲಾವಿದ ರಾಮ್ ಮೋಹನ್ ಅವರ ಕೈಚಳಕ ಅದರಲ್ಲಿತ್ತು. ಮಾವಿನಹಣ್ಣಿನ ಹಂಚಿಕೆಯ ಕಥೆಯಲ್ಲಿ ತಮ್ಮ ರಾಜುವಿಗೆ ದೊಡ್ಡ ಪಾಲು ಸಿಕ್ಕುವುದನ್ನು ಕಂಡ ಮೀನಾ, ಒಂದು ದಿನದ ಮಟ್ಟಿಗೆ ಅವನೊಡನೆ ಕೆಲಸವನ್ನು ಅದಲುಬದಲು ಮಾಡಿಕೊಳ್ಳುತ್ತಾಳೆ. ಸಂಜೆಯ ಹೊತ್ತಿಗೆ ರಾಜು ಬಸವಳಿದು ಕುಳಿತಿರುತ್ತಾನೆ. ಉಪದೇಶವಿಲ್ಲದೆ ಮಾತು ಮುಟ್ಟಿತು. ಮಹಾರಾಷ್ಟ್ರದ ಶಾಲೆಗಳ ‘ಮೀನಾ–ರಾಜು ಮಂಚ್’ಗೆ ಹೆಸರು ಬಂದದ್ದು ಈ ಅಕ್ಕತಮ್ಮಂದಿರಿಂದ.

ಮುಂಬಯಿಯ ನಗರಪಾಲಿಕೆ ಶಾಲೆಗಳಲ್ಲಿಯೇ 2008ರಿಂದ ಕೆಲವು ವರ್ಷ, ಆರು ಏಳನೆಯ ತರಗತಿಗಳ ಹುಡುಗ ಹುಡುಗಿಯರೊಡನೆ ‘ಜೆಮ್ಸ್’ ಎಂಬ ಸಂಕ್ಷಿಪ್ತ ಹೆಸರಿನ ಕಾರ್ಯಕ್ರಮ ನಡೆಯಿತು. ಅಂತಾರಾಷ್ಟ್ರೀಯ ಮಹಿಳಾ ಸಂಶೋಧನಾ ಕೇಂದ್ರ, ಕೋರೋ ಸಂಸ್ಥೆ ಹಾಗೂ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದನ್ನು ಕೂಡಿ ರೂಪಿಸಿದ್ದವು. ಆಟ, ಅಭಿನಯ, ಚರ್ಚೆಗಳ ಮೂಲಕ ಮಕ್ಕಳು ಮನೆಯ ಕೆಲಸ, ಮದುವೆಯ ವಯಸ್ಸು, ಹೊಡೆತ ಬಡಿತಗಳ ಬಗ್ಗೆ ಮಾತನಾಡಿದರು. ಹುಡುಗಿಯರ ಉನ್ನತ ಶಿಕ್ಷಣಕ್ಕೂ ಹುಡುಗರು ಮನೆಗೆಲಸ ಮಾಡುವುದಕ್ಕೂ ಮಕ್ಕಳಲ್ಲಿ ಬೆಂಬಲ ಹೆಚ್ಚಿದ್ದು ಕಂಡುಬಂತು.

ಹರಿಯಾಣದ ಅದೇ 314 ಶಾಲೆಗಳ ಪೈಕಿ ಆಯ್ದ ಶಾಲೆಗಳಲ್ಲಿ ಬ್ರೇಕ್‌ಥ್ರೂ ಎಂಬ ಸಂಸ್ಥೆ 2014ರಿಂದ ಎರಡೂವರೆ ಶೈಕ್ಷಣಿಕ ವರ್ಷ ನಡೆಸಿದ ತರಗತಿ ಚರ್ಚೆಗಳ ಫಲವನ್ನು ಹೆಚ್ಚು ಬಿಗಿಯಾದ ಕ್ರಮದಲ್ಲಿ ಅಳೆಯಲಾಯಿತು. ಹಿಂದುಳಿದ ಅಭಿಪ್ರಾಯಗಳಲ್ಲಿ ಸುಮಾರು ಶೇಕಡ 16ರಷ್ಟು ಬದಲಾದವು. ಕಾರ್ಯಕ್ರಮ ಮುಗಿದು ಎರಡು ವರ್ಷಗಳಾದರೂ ಬದಲಾವಣೆ ಅಳಿಯಲಿಲ್ಲ. ಹುಡುಗರು ಮನೆಗೆಲಸದಲ್ಲಿ ಹೆಚ್ಚು ನೆರವಾಗುವುದಾಗಿ ತಿಳಿಸಿದರು. ಹುಡುಗಿಯರ ನಡವಳಿಕೆಯಲ್ಲಿ ಅಷ್ಟು ಬದಲಾವಣೆ ಕಾಣಲಿಲ್ಲ. ಅವರ ಮನಸ್ಸು ಬದಲಾದರೂ ಹೊರಗೆ ಹೋಗಲು ಅನುಮತಿ ಕೊಡುವವರು ಬೇರೆಯವರು ತಾನೇ? ಶೇಕಡ 16 ಎಂಬುದು ಅಲ್ಪವೆಂದು ಕೆಲವರಿಗೆ ತೋರಬಹುದು. ಮೂರು ವಾರಕ್ಕೊಮ್ಮೆಯೆಂಬಂತೆ ನಡೆದ ಮುಕ್ಕಾಲು ಗಂಟೆಯ ಪಾಠಕ್ಕೆ, ಹುಟ್ಟಿದಂದಿನಿಂದ ಹಗಲಿರುಳು ನಡೆದ ಪಾಠದ ಎದುರಿನಲ್ಲಿ, ಅದು ಅಲ್ಪವಲ್ಲವೆಂದು ಈ ಲೇಖಕರ ಅಭಿಪ್ರಾಯ.

ಒಂದು ಪಾಠದ ಮಾದರಿ

ಈ ವಿಷಯವನ್ನು ತರಗತಿಯಲ್ಲಿ ಎತ್ತಿಕೊಳ್ಳುವ ಶಿಕ್ಷಕರು ಸಮಾನತೆಯ ಬಗ್ಗೆ ಭಾಷಣದಿಂದ ಆರಂಭಿಸದಿರುವುದು ಲೇಸು. ಭಾರತ ಸಂವಿಧಾನದ 51ಎ ಅನುಚ್ಛೇದವು ಸ್ತ್ರೀಯರ ಗೌರವಕ್ಕೆ ಕುಂದು ತರುವ ಆಚರಣೆಗಳನ್ನು ತೊರೆಯುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಹೇಳುತ್ತದೆ. ಮಕ್ಕಳು ಅದನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿಯೂ ಇರುತ್ತಾರೆ. ಕಂಠಪಾಠವಾದ ವಾಕ್ಯ ಪಾತ್ರೆಯವರೆಗೆ ಇಳಿಯುವುದಿಲ್ಲ. ಬದಲಾಗಿ, ಪ್ರತಿಯೊಬ್ಬ ವಿದ್ಯಾರ್ಥಿಯೂ ನಿನ್ನೆಯ ದಿನವನ್ನು ಇಪ್ಪತ್ತನಾಲ್ಕು ಮನೆಗಳ ಒಂದು ಪಟ್ಟಿಯಲ್ಲಿ ಬರೆಯಲಿ: ಯಾವ ಗಂಟೆಯಲ್ಲಿ ತಾನು ಏನು ಮಾಡಿದೆ, ತಾಯಿ ಏನು ಮಾಡಿದರು, ತಂದೆ ಏನು ಮಾಡಿದರು. ಹೆಸರು ಬರೆಯುವುದು ಬೇಡ. ‘ಹುಡುಗ’, ‘ಹುಡುಗಿ’ ಎಂದಿಷ್ಟೇ ಸಾಕು. ಪಟ್ಟಿಗಳನ್ನು ಕೂಡಿಸಿ ಸರಾಸರಿ ತೆಗೆಯುವುದು ಗಣಿತದ ಪಾಠವೂ ಆಗುತ್ತದೆ. ಫಲಿತಾಂಶವನ್ನು ಕರಿಹಲಗೆಯ ಮೇಲೆ ಬರೆದು ಶಿಕ್ಷಕರು ಸುಮ್ಮನಿರಬೇಕು. ಮಾತು ಮಕ್ಕಳಿಂದಲೇ ಬರುತ್ತದೆ. ‘ಅಮ್ಮ ಮನೆಯಲ್ಲಿ ಸುಮ್ಮನೆ ಇರುತ್ತಾರೆ’ ಎಂದು ಆರಂಭದಲ್ಲಿ ಹೇಳಿದ ಮಗುವಿಗೆ ತಾಯಿಯ ಅಂಕಣದಲ್ಲಿ ಖಾಲಿ ಮನೆಯೇ ಉಳಿದಿಲ್ಲವೆಂಬುದು ಅದರ ಕೈಬರಹದಲ್ಲಿಯೇ ಕಾಣುತ್ತದೆ.

ಎರಡನೆಯ ಅವಧಿಯಲ್ಲಿ ಕೆಲಸಗಳ ಹೆಸರನ್ನು ಚೀಟಿಗಳಲ್ಲಿ ಬರೆದು, ಪ್ರತಿಯೊಂದನ್ನೂ ಮನೆಯಲ್ಲಿ ಮಾಡುವವರು ಯಾರು, ಸಂಬಳಕ್ಕಾಗಿ ಹೊರಗೆ ಮಾಡುವವರು ಯಾರು ಎಂದು ಎರಡು ಸಾಲುಗಳಲ್ಲಿ ಹಚ್ಚಿಸಬಹುದು. ಅಡುಗೆ, ಹೊಲಿಗೆ, ಬಟ್ಟೆ ಒಗೆತ, ಪಾತ್ರೆ ತೊಳೆತ. ದರ್ಜಿ, ಧೋಬಿ, ಹೋಟೆಲಿನ ಅಡುಗೆಯವರು ಇವರನ್ನು ದಿನವೂ ಕಾಣುವ ದಹಿಸರದ ಮಕ್ಕಳಿಗೆ ಉತ್ತರ ಕಷ್ಟವಲ್ಲ. ಯಾರನ್ನೂ ನಗೆಪಾಟಲು ಮಾಡದಂತೆ ನೋಡಿಕೊಳ್ಳುವುದು ಮುಖ್ಯ. ಮನೆಗೆಲಸ ಮಾಡುವ ಹುಡುಗ ತರಗತಿಯಲ್ಲಿ ಒಬ್ಬನಾದರೂ ಇರುತ್ತಾನೆ. ತಾಯಿಗೆ ಕಾಯಿಲೆಯಿರಬಹುದು, ತಾಯಿಯೇ ಇಲ್ಲದಿರಬಹುದು. ಅವನ ಪಟ್ಟಿಯನ್ನು ಎತ್ತಿ ತೋರಿಸಿ ಹೊಗಳುವುದೂ ಅವನಿಗೆ ಮುಜುಗರವೇ.

ಇನ್ನು ತಂದೆತಾಯಿಗಳ ಸಭೆ. ಪ್ರಗತಿಪತ್ರಕ್ಕೆ ತಂದೆಯ ಸಹಿ, ಸಭೆಗೆ ತಾಯಿಯ ಹಾಜರಿ, ಇದು ರೂಢಿ. ತಂದೆಯರು ಬರುವುದಿಲ್ಲವೆಂದು ಶಾಲೆಗಳು ದೂರುತ್ತವೆ; ಆದರೆ ಸಭೆಯನ್ನು ಕರೆಯುವುದು ಹೋಟೆಲಿನವರಿಗೆ ಎಂದೂ ಬಿಡುವಿರದ ಬೆಳಗಿನ ಹನ್ನೊಂದಕ್ಕೆ. ಮಧ್ಯಾಹ್ನದ ಊಟದ ಗಿರಾಕಿಗಳು ಹೋಗಿ ಸಂಜೆಯವರು ಬರುವ ಮೊದಲು, ಮೂರರಿಂದ ಐದರವರೆಗೆ ಅವರಿಗೆ ಬಿಡುವಿರುತ್ತದೆ. ಆ ಹೊತ್ತಿನಲ್ಲಿ, ‘ತಂದೆ ತಪ್ಪದೆ ಬರಬೇಕು’ ಎಂದು ಬರೆದು ಕರೆಯಬೇಕು. ಬಂದವರ ಮುಂದೆ ಅವರ ಮಕ್ಕಳು ಕೂಡಿಸಿದ ಸರಾಸರಿಯ ಪಟ್ಟಿಯನ್ನು ಹೆಸರಿಲ್ಲದೆ ಇಡಬೇಕು. ನಂತರ ಅವರನ್ನು ಒಂದೇ ಒಂದು ಪ್ರಶ್ನೆ ಕೇಳಬೇಕು: ನೀವು ಮುಂಬಯಿಗೆ ಬಂದಾಗ ಮಾಡಿದ ಮೊದಲ ಕೆಲಸ ಯಾವುದು?